ತುಂಬಿದ ಗ್ಯಾಸ್ ಸಿಲಿಂಡರ್ ಎತ್ತುವಾಗ ಸೊಂಟ ಜೋಪಾನ

ಮನೆಬಳಕೆಯ ಸಿಲಿಂಡರಿನಲ್ಲಿ ಗ್ಯಾಸೇ 14.2 ಕೆಜಿ. ಕಬ್ಬಿಣದ ತೂಕವೂ ಸೇರಿದರೆ ಹತ್ತಿರಹತ್ತಿರ 30 ಕೆಜಿ. ಸಮನೆಲದಲ್ಲಿ ಎತ್ತಲೇಬೇಡಿ, ಚಕ್ರದ ಸ್ಟ್ಯಾಂಡ್ ಮೇಲೆ ತಳ್ಳಿ. ಮೆಟ್ಟಿಲಿದ್ದರೆ ಇಬ್ಬರು ಹಿಡಿಯಿರಿ.

ಒಬ್ಬರೇ ಎತ್ತಬೇಕಾದರೆ ಪಾದಗಳನ್ನು ಭುಜದಷ್ಟು ಅಗಲಿಸಿ, ಒಂದನ್ನು ತುಸು ಮುಂದಿಡಿ. ಮಂಡಿ ಮಡಚಿ, ಮೇಲಿನ ಹಿಡಿಯನ್ನು ಎರಡೂ ಕೈಯಿಂದ ಹಿಡಿದು, ಸಿಲಿಂಡರನ್ನು ಮೈಗೆ ಒತ್ತಿಕೊಂಡು ತೊಡೆಯ ಬಲದಿಂದ ನಿಧಾನವಾಗಿ ಏಳಿ.

ಬಹಳ ಜನ ಎಡವುವುದು ಇಳಿಸುವಾಗಲೇ. ಬಗ್ಗಿಕೊಂಡು, ಸೊಂಟ ತಿರುಚಿ ಸೀದಾ ಅಡುಗೆಕಟ್ಟೆಯ ಕೆಳಗೆ ತೂರಿಸುತ್ತಾರೆ. ಬೆನ್ನೆಲುಬಿನ ಡಿಸ್ಕಿಗೆ ಪೆಟ್ಟಾಗುವುದು ಆ ತಿರುಚಿನಲ್ಲೇ. ಸೊಂಟವನ್ನಲ್ಲ, ಪಾದ ತಿರುಗಿಸಿ. ಕಟ್ಟೆಯ ಹೊರಗೇ ಇಳಿಸಿ, ಆಮೇಲೆ ಒಳಕ್ಕೆ ತಳ್ಳಿ. ನೋವು ಕಾಲಿಗಿಳಿದರೆ, ಜೋಮು ಹಿಡಿದರೆ ಎಣ್ಣೆ ತಿಕ್ಕುತ್ತ ಕೂರದೆ ವೈದ್ಯರಿಗೆ ತೋರಿಸಿ.