ಅಮೆರಿಕದ ಕಂಪನಿಗೆ ರಿಜಿಸ್ಟರ್ಡ್ ಏಜೆಂಟ್: ಆರಿಸುವುದು ಹೇಗೆ?

ಬೆಂಗಳೂರಿನಲ್ಲೇ ಕೂತು ಅಮೆರಿಕದ ಡೆಲವೇರ್ ರಾಜ್ಯದಲ್ಲೋ ವಯೋಮಿಂಗ್ ರಾಜ್ಯದಲ್ಲೋ ಕಂಪನಿ ತೆರೆಯುವುದು ಈಗ ಹೊಸ ವಿಷಯವೇನಲ್ಲ. ಸಾಫ್ಟ್‌ವೇರ್ ಮಾಡುವವರು, ಅಮೆಜಾನ್‌ನಲ್ಲಿ ಸಾಮಾನು ಮಾರುವವರು, ಅಲ್ಲಿನ ಹೂಡಿಕೆದಾರರಿಂದ ಹಣ ತರಬೇಕಾದವರು ಆನ್‌ಲೈನ್‌ನಲ್ಲಿ ಅರ್ಜಿ ತುಂಬುತ್ತಾರೆ. ಅದರಲ್ಲಿ ರಿಜಿಸ್ಟರ್ಡ್ ಏಜೆಂಟ್‌ನ ಹೆಸರು, ವಿಳಾಸ ಬರೆಯಲು ಒಂದು ಜಾಗ ಇರುತ್ತದೆ. ಅಲ್ಲಿಗೆ ಬಂದಾಗ ಸುಮಾರು ಜನ ಜಾಸ್ತಿ ಯೋಚಿಸುವುದಿಲ್ಲ. ಕಡಿಮೆ ದುಡ್ಡಿಗೆ ಯಾರು ಸಿಕ್ಕರೋ ಅವರ ಹೆಸರು ಹಾಕಿ ಮುಂದೆ ಹೋಗುತ್ತಾರೆ.

ಹಾಗೆ ಮಾಡಬೇಡಿ. ನಿಮ್ಮ ಕಂಪನಿಯ ಮೇಲೆ ಯಾರಾದರೂ ದಾವೆ ಹಾಕಿದರೆ, ಆ ಸುದ್ದಿ ನಿಮಗೆ ಮುಟ್ಟುವುದು ಈ ಏಜೆಂಟ್ ಮೂಲಕವೇ.

ಅವರ ಕೆಲಸ ಏನು?

ಅಮೆರಿಕದಲ್ಲಿ ಕಂಪನಿ ನೋಂದಣಿ ರಾಜ್ಯಗಳ ಕೈಯಲ್ಲಿದೆ. ಕಂಪನಿಗೆ ಆ ರಾಜ್ಯದೊಳಗೆ ಒಂದು ಖಾಯಂ ವಿಳಾಸ ಇರಬೇಕು, ಅಲ್ಲಿ ಕೆಲಸದ ವೇಳೆಯಲ್ಲಿ ಕಾಗದ ತೆಗೆದುಕೊಳ್ಳಲು ಒಬ್ಬರು ಸಿಗಬೇಕು ಎಂಬ ನಿಯಮ ಬಹುತೇಕ ಎಲ್ಲ ರಾಜ್ಯಗಳಲ್ಲಿದೆ. ಪೋಸ್ಟ್ ಬಾಕ್ಸ್ ನಂಬರ್ ಕೊಟ್ಟರೆ ನಡೆಯುವುದಿಲ್ಲ, ಬೀದಿ ಮತ್ತು ಕಟ್ಟಡದ ವಿಳಾಸವೇ ಬೇಕು. ನಮ್ಮಲ್ಲಿ ಕೋರ್ಟ್ ಅಮೀನ ಸಮನ್ಸ್ ತಂದು ಕೊಡುತ್ತಾನಲ್ಲ, ಅಲ್ಲಿ ಹಾಗೆ ಬಂದ ಕಾಗದವನ್ನು ಕಂಪನಿಯ ಪರವಾಗಿ ತೆಗೆದುಕೊಳ್ಳುವವರೇ ರಿಜಿಸ್ಟರ್ಡ್ ಏಜೆಂಟ್. ರಾಜ್ಯ ಸರ್ಕಾರದ ತೆರಿಗೆ ಮತ್ತು ವಾರ್ಷಿಕ ವರದಿಯ ಸೂಚನೆಗಳೂ ಅವರ ವಿಳಾಸಕ್ಕೇ ಬರುತ್ತವೆ.

ಇದು ಭಾರತದ ಕಾನೂನಿಗೂ ಹೊರತಾದ ವ್ಯವಸ್ಥೆಯಲ್ಲ. ಇಲ್ಲಿ ವ್ಯವಹಾರ ಮಾಡುವ ವಿದೇಶಿ ಕಂಪನಿ ತನ್ನ ಪರವಾಗಿ ನೋಟಿಸು ಪಡೆಯಲು ಭಾರತದಲ್ಲಿರುವ ಒಬ್ಬರ ಹೆಸರು ಕೊಡಬೇಕು ಎಂದು 2013ರ ಕಂಪನಿ ಕಾಯ್ದೆಯ 380ನೇ ಸೆಕ್ಷನ್ ಹೇಳುತ್ತದೆ.

ಈಗ ಒಂದು ಸಂದರ್ಭ ಊಹಿಸಿಕೊಳ್ಳಿ. ಚನ್ನಪಟ್ಟಣದ ಮರದ ಆಟಿಕೆ ಮಾರುವ ಒಬ್ಬರು ಡೆಲವೇರ್‌ನಲ್ಲಿ ಎಲ್‌ಎಲ್‌ಸಿ (ಮಾಲೀಕರ ಹೊಣೆಗೆ ಮಿತಿ ಇರುವ ಒಂದು ಬಗೆಯ ಕಂಪನಿ) ಮಾಡಿಕೊಂಡಿದ್ದಾರೆ. ಆಟಿಕೆಯಿಂದ ಮಗುವಿಗೆ ಗಾಯವಾಯಿತು ಎಂದು ಅಲ್ಲಿನ ಒಬ್ಬ ಗಿರಾಕಿ ಕೇಸು ಹಾಕುತ್ತಾರೆ. ಸಮನ್ಸ್ ಏಜೆಂಟ್ ಕೈಗೆ ಬಂದ ದಿನವೇ ಕಂಪನಿಗೆ ಬಂದ ಹಾಗೆ ಲೆಕ್ಕ. ಚನ್ನಪಟ್ಟಣಕ್ಕೆ ಯಾವತ್ತು ಮುಟ್ಟಿತು ಎಂದು ಕೋರ್ಟ್ ಕೇಳುವುದಿಲ್ಲ. ಉತ್ತರ ಕೊಡಲು ಡೆಲವೇರ್ ಸುಪೀರಿಯರ್ ಕೋರ್ಟಿನಲ್ಲಿ 20 ದಿನ, ಫೆಡರಲ್ (ಕೇಂದ್ರದ) ಕೋರ್ಟಿನಲ್ಲಿ ಸಾಮಾನ್ಯವಾಗಿ 21 ದಿನ, ಕ್ಯಾಲಿಫೋರ್ನಿಯಾದ ಕೋರ್ಟುಗಳಲ್ಲಿ 30 ದಿನ ಅವಕಾಶ ಇರುತ್ತದೆ. ಏಜೆಂಟ್ ಆ ಕಾಗದವನ್ನು ಮಾಮೂಲಿ ಅಂಚೆಗೆ ಹಾಕಿದರು ಅಂದುಕೊಳ್ಳಿ. ಸಮುದ್ರ ದಾಟಿ ಇಲ್ಲಿಗೆ ಬರುವಷ್ಟರಲ್ಲಿ ಗಡುವು ಮುಗಿಯುವ ಹೊತ್ತಾಗಿರುತ್ತದೆ. ಅಲ್ಲಿನ ವಕೀಲರನ್ನು ಹುಡುಕಿ, ಮಾತಾಡಿ, ಫೀಸು ಕಟ್ಟಿ ಉತ್ತರ ಹಾಕಿಸಲು ಸಮಯವೇ ಉಳಿಯುವುದಿಲ್ಲ. ಉತ್ತರ ಹೋಗದಿದ್ದರೆ ಏಕಪಕ್ಷೀಯ ತೀರ್ಪು. ತಪ್ಪು ನಿಮ್ಮದಲ್ಲದಿದ್ದರೂ ಹಣ ಕಟ್ಟಬೇಕಾಗುತ್ತದೆ. ಅದನ್ನು ರದ್ದು ಮಾಡಿಸಲು ಮತ್ತೆ ಕೋರ್ಟಿಗೇ ಹೋಗಬೇಕು.

ಆದ್ದರಿಂದ ಏಜೆಂಟ್ ಆರಿಸುವಾಗ ನೋಡಬೇಕಾದ ಮೊದಲ ವಿಷಯ: ಕಾಗದ ಅವರ ಮೇಜಿಗೆ ಬಂದ ಮೇಲೆ ನಿಮ್ಮ ಕಣ್ಣಿಗೆ ಬೀಳಲು ಎಷ್ಟು ಹೊತ್ತು ಹಿಡಿಯುತ್ತದೆ? ಬೆಲೆ, ಬ್ರ್ಯಾಂಡು, ಉಚಿತ ಕೊಡುಗೆ ಎಲ್ಲ ಆಮೇಲೆ.

ಮೊದಲು ರಾಜ್ಯಗಳ ಪಟ್ಟಿ ಮಾಡಿ

ಕಂಪನಿ ಯಾವ ರಾಜ್ಯದಲ್ಲಿ ನೋಂದಣಿಯಾಗಿದೆಯೋ ಅಲ್ಲಿ ಏಜೆಂಟ್ ಬೇಕು. ಅಷ್ಟೇ ಸಾಲದು. ಡೆಲವೇರ್ ಕಂಪನಿ ಟೆಕ್ಸಾಸ್‌ನಲ್ಲಿ ಆಫೀಸು ತೆರೆದು ಕೆಲಸಗಾರರನ್ನು ಇಟ್ಟುಕೊಂಡರೆ ಟೆಕ್ಸಾಸ್‌ನಲ್ಲೂ ನೋಂದಣಿ ಮಾಡಿಸಬೇಕು, ಅಲ್ಲಿಗೂ ಒಬ್ಬ ಏಜೆಂಟ್ ಬೇಕು. ನಾಳೆ ಬೇರೆ ರಾಜ್ಯಗಳಿಗೂ ಹೋಗುವ ಅಂದಾಜು ಇದ್ದರೆ, 50 ರಾಜ್ಯಗಳಲ್ಲೂ ಆಫೀಸು ಇರುವ ಸಂಸ್ಥೆ ಅನುಕೂಲ. ಎಲ್ಲ ರಾಜ್ಯಗಳ ಕಾಗದವೂ ಒಂದೇ ಖಾತೆಯಲ್ಲಿ ಕಾಣುತ್ತದೆ. ಒಂದೇ ರಾಜ್ಯ ಸಾಕು ಅನ್ನುವವರಿಗೆ ಆ ರಾಜ್ಯದಲ್ಲೇ ಬೇರೂರಿದ ಸಣ್ಣ ಸಂಸ್ಥೆ ಎಷ್ಟೋ ಸಲ ಕಡಿಮೆ ಬೆಲೆಗೆ ಸಿಗುತ್ತದೆ, ಫೋನ್ ಮಾಡಿದರೆ ಮನುಷ್ಯರೇ ಮಾತಾಡುತ್ತಾರೆ.

ಹುಡುಕುವಾಗ ಒಂದು ವಿಷಯ ನೆನಪಿರಲಿ. ಅರಿಜೋನಾ, ಒಹಾಯೊಗಳಲ್ಲಿ ಇದಕ್ಕೆ ಸ್ಟ್ಯಾಚುಟರಿ ಏಜೆಂಟ್ ಎಂದೂ, ಮೇರಿಲ್ಯಾಂಡ್, ಮಿಶಿಗನ್‌ಗಳಲ್ಲಿ ರೆಸಿಡೆಂಟ್ ಏಜೆಂಟ್ ಎಂದೂ ಹೇಳುತ್ತಾರೆ. ಕೆಲಸ ಎಲ್ಲ ಕಡೆಯೂ ಒಂದೇ.

ನೆಂಟರ ಹೆಸರು ಹಾಕಬಹುದೇ?

ಎಲ್ಲರೂ ಕೇಳುವ ಪ್ರಶ್ನೆ ಇದು. ಚಿಕ್ಕಪ್ಪನ ಮಗ ನ್ಯೂಜೆರ್ಸಿಯಲ್ಲಿ ಇದ್ದಾನೆ, ಅವನ ವಿಳಾಸ ಕೊಟ್ಟರೆ ಆಯಿತು, ವರ್ಷಕ್ಕೆ 100 ಡಾಲರ್ ಉಳಿಯಿತಲ್ಲ ಎನ್ನುತ್ತಾರೆ. ಕಾನೂನು ಇದಕ್ಕೆ ಅಡ್ಡ ಬರುವುದಿಲ್ಲ. ಆದರೆ ಆ ನೆಂಟರು ಕಂಪನಿ ನೋಂದಣಿಯಾದ ರಾಜ್ಯದಲ್ಲೇ ಇರಬೇಕು. ನ್ಯೂಜೆರ್ಸಿಯ ಮನೆ ಡೆಲವೇರ್ ಕಂಪನಿಗೆ ಆಗುವುದಿಲ್ಲ. ಪಕ್ಕದ ರಾಜ್ಯವೇ ಆದರೂ ಅಷ್ಟೇ.

ಅದೇ ರಾಜ್ಯದಲ್ಲಿ ಇದ್ದಾರೆ ಅಂತಲೇ ಇಟ್ಟುಕೊಳ್ಳೋಣ. ಅವರು ಹಗಲು ಹೊತ್ತು ಕೆಲಸಕ್ಕೆ ಹೋಗುತ್ತಾರೆ. ಡಿಸೆಂಬರ್‌ನಲ್ಲಿ ಊರಿಗೆ ಬರುತ್ತಾರೆ. ಮನೆ ಬದಲಿಸುತ್ತಾರೆ, ನಿಮ್ಮ ಕಂಪನಿಯ ದಾಖಲೆಯಲ್ಲಿ ಹಳೇ ವಿಳಾಸ ಇದೆ ಎನ್ನುವುದು ಅವರಿಗೆ ಹೇಗೆ ನೆನಪಿರಬೇಕು? ಜೊತೆಗೆ ಅವರ ಹೆಸರು, ಮನೆ ವಿಳಾಸ ಸರ್ಕಾರದ ದಾಖಲೆ ಸೇರುತ್ತದೆ, ಯಾರು ಬೇಕಾದರೂ ನೋಡಬಹುದು. ನಿಮ್ಮ ಕೇಸಿನ ಸಮನ್ಸ್ ಹಿಡಿದು ಒಬ್ಬರು ಅವರ ಬಾಗಿಲು ತಟ್ಟುತ್ತಾರೆ. ಆಗ ಮನೆಯಲ್ಲಿ ಮಕ್ಕಳು, ವಯಸ್ಸಾದ ತಂದೆ ತಾಯಿ ಮಾತ್ರ ಇರಬಹುದು. ವರ್ಷಕ್ಕೆ ಕೆಲವು ಸಾವಿರ ರೂಪಾಯಿ ಉಳಿಸಲು ನೆಂಟರನ್ನು ಇಂಥ ಕಷ್ಟಕ್ಕೆ ಸಿಕ್ಕಿಸುವುದು ಸರಿಯಲ್ಲ ಎಂದು ನನಗೆ ಅನ್ನಿಸುತ್ತದೆ. ಸಂಬಂಧ ಹಾಳಾದರೆ ಹಣ ಕೊಟ್ಟು ಸರಿಪಡಿಸಲು ಬರುವುದಿಲ್ಲ, ಅಲ್ವಾ?

ನೀವೇ ಆ ರಾಜ್ಯದಲ್ಲಿ ವಾಸವಿದ್ದು, ದಿನವಿಡೀ ತೆರೆದಿರುವ ಅಂಗಡಿಯೋ ಆಫೀಸೋ ಇದ್ದರೆ ನೀವೇ ಏಜೆಂಟ್ ಆಗಬಹುದು. ಅದು ಬೇರೆ ಮಾತು.

ಸರ್ಕಾರದ ಪಟ್ಟಿಯಲ್ಲಿ ಹೆಸರು ನೋಡಿ

ಗೂಗಲ್‌ನಲ್ಲಿ ಮೊದಲು ಕಾಣುವುದು ಜಾಹೀರಾತು. ಅದನ್ನು ಬಿಟ್ಟು ರಾಜ್ಯದ ವೆಬ್‌ಸೈಟಿಗೆ ಹೋಗಿ. ಡೆಲವೇರ್‌ನಲ್ಲಿ ಡಿವಿಷನ್ ಆಫ್ ಕಾರ್ಪೊರೇಷನ್ಸ್ ಎಂಬ ಇಲಾಖೆ ಏಜೆಂಟರ ಪಟ್ಟಿ ಹಾಕಿದೆ. ಬೇರೆ ರಾಜ್ಯಗಳಲ್ಲಿ ಸಾಮಾನ್ಯವಾಗಿ ಕಂಪನಿ ನೋಂದಣಿ ನೋಡಿಕೊಳ್ಳುವ, ಆ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯ ಸೈಟಿನಲ್ಲಿ ಹುಡುಕಬೇಕು.

ಈ ಕಸುಬಿನ ಹಳೆಯ ದೊಡ್ಡ ಸಂಸ್ಥೆಗಳು ಸಿ.ಟಿ. ಕಾರ್ಪೊರೇಷನ್ (CT Corporation) ಮತ್ತು ಸಿಎಸ್‌ಸಿ (CSC). ಮೊದಲನೆಯದು 1892ರಿಂದ, ಎರಡನೆಯದು 1899ರಿಂದ ಇದೆ. ಡೆಲವೇರ್‌ನ ವಿಲ್ಮಿಂಗ್ಟನ್ ಊರಿನ 1209 ನಾರ್ತ್ ಆರೆಂಜ್ ಸ್ಟ್ರೀಟ್ ಎಂಬ ಒಂದೇ ಕಟ್ಟಡ ಲಕ್ಷಗಟ್ಟಲೆ ಕಂಪನಿಗಳ ಕಾನೂನಿನ ವಿಳಾಸ ಎಂದು ಪತ್ರಿಕೆಗಳಲ್ಲಿ ಬಂದಿದೆ. ಅದು ಸಿ.ಟಿ. ಕಾರ್ಪೊರೇಷನ್‌ನ ಏಜೆಂಟ್ ಆಫೀಸು. ದೊಡ್ಡ ಕಂಪನಿಗಳಿಗೆ ಇಂಥವರು ಒಗ್ಗುತ್ತಾರೆ. ಇಬ್ಬರು ಮೂವರು ಸೇರಿ ನಡೆಸುವ ಕಂಪನಿಗೆ ಅಷ್ಟು ದೊಡ್ಡವರೇ ಬೇಕೆಂದಿಲ್ಲ.

ಕೇಳಲೇಬೇಕಾದ ಪ್ರಶ್ನೆಗಳು

ಪಟ್ಟಿಯಿಂದ ಎರಡು ಮೂರು ಹೆಸರು ಆರಿಸಿ. ದುಡ್ಡು ಕಟ್ಟುವ ಮೊದಲು ಇಮೇಲ್ ಬರೆದು ಕೇಳಿ. ಸಮನ್ಸ್ ಬಂದ ದಿನವೇ ಸ್ಕ್ಯಾನ್ ಮಾಡಿ ಕಳಿಸುತ್ತೀರಾ? ಇಮೇಲ್ ಮಾತ್ರವೇ, ಫೋನೂ ಮಾಡುತ್ತೀರಾ? ಎಷ್ಟು ಜನರಿಗೆ ಸೂಚನೆ ಹೋಗುವಂತೆ ಮಾಡಬಹುದು? ಸ್ಕ್ಯಾನ್‌ಗೆ ಪ್ರತ್ಯೇಕ ಚಾರ್ಜ್ ಇದೆಯೇ? ಆ ರಾಜ್ಯದಲ್ಲಿರುವುದು ನಿಮ್ಮ ಸ್ವಂತ ಆಫೀಸೇ, ಬೇರೆಯವರಿಗೆ ವಹಿಸಿದ್ದೀರಾ?

ಕೊನೆಯ ಪ್ರಶ್ನೆ ಬಿಡಬೇಡಿ. ಕಂಪನಿ ಮಾಡಿಕೊಡುವ ಕೆಲವು ಆನ್‌ಲೈನ್ ಸೇವೆಗಳು ಏಜೆಂಟ್ ಕೆಲಸವನ್ನು ಮೂರನೆಯವರಿಗೆ ಕೊಡುತ್ತವೆ. ಅದರಲ್ಲಿ ತಪ್ಪಿಲ್ಲ. ಆದರೆ ಕಾಗದ ದಾಟಬೇಕಾದ ಕೈ ಒಂದು ಜಾಸ್ತಿಯಾಯಿತು, ತಡವಾಗುವ ಜಾಗವೂ ಒಂದು ಜಾಸ್ತಿಯಾಯಿತು.

ಉತ್ತರ ಎಷ್ಟು ಬೇಗ ಬರುತ್ತದೆ ಎನ್ನುವುದನ್ನೂ ಗಮನಿಸಿ. ಹೊಸ ಗಿರಾಕಿಗೇ ಒಂದು ವಾರ ಉತ್ತರ ಕೊಡದವರು ಸಮನ್ಸ್ ಬಂದ ದಿನ ಚುರುಕಾಗುತ್ತಾರೆ ಎಂದು ನಂಬುವುದು ಕಷ್ಟ. ಸಮಯದ ವ್ಯತ್ಯಾಸವನ್ನೂ ಲೆಕ್ಕ ಹಾಕಿ. ಚಳಿಗಾಲದಲ್ಲಿ ಡೆಲವೇರ್‌ನ ಬೆಳಿಗ್ಗೆ 9 ಗಂಟೆ ನಮಗೆ ಸಂಜೆ 7.30. ಅಲ್ಲಿ ಸಂಜೆ 5 ಆದಾಗ ಇಲ್ಲಿ ಬೆಳಗಿನ ಜಾವ 3.30. ನೀವು ಮಲಗಿರುವಾಗ ಬಂದ ಫೋನ್ ಕರೆ ತಪ್ಪಿಹೋಗಬಹುದು. ಅದಕ್ಕೇ ಕಾಗದ ಆನ್‌ಲೈನ್ ಖಾತೆಯಲ್ಲೂ ಸಿಗುವಂತಿರಬೇಕು.

ಬೆಲೆಯ ವಿಷಯ

ವರ್ಷಕ್ಕೆ ಸುಮಾರು 50 ಡಾಲರ್‌ನಿಂದ 300 ಡಾಲರ್ ತನಕ ಇದೆ. 50 ಡಾಲರ್‌ಗೆ ಕೆಲಸ ಮಾಡುವ ಒಳ್ಳೆಯವರೂ ಇದ್ದಾರೆ, ಹಾಗಾಗಿ ಅಗ್ಗ ಅಂದರೆ ಕೆಟ್ಟದ್ದು ಎಂದು ತಿಳಿಯಬೇಡಿ. ಮೊದಲ ವರ್ಷ ಉಚಿತ ಎಂದವರ ಬಳಿ ಎರಡನೇ ವರ್ಷದ ಬೆಲೆ ಕೇಳಿ. ಕಾರ್ಡಿನಿಂದ ತಾನೇ ಹಣ ಕಡಿತವಾಗುತ್ತದೆಯೇ, ಬಿಟ್ಟು ಹೋಗುವಾಗ ಶುಲ್ಕ ಇದೆಯೇ ನೋಡಿ. ವಾರ್ಷಿಕ ವರದಿ ಸಲ್ಲಿಸಿಕೊಡುತ್ತೇವೆ ಎಂದು ಬೇರೆ ಹಣ ಕೇಳುತ್ತಾರೆ. ಡೆಲವೇರ್‌ನಲ್ಲಿ ಅದನ್ನು ರಾಜ್ಯದ ಸೈಟಿನಲ್ಲಿ ನೀವೇ ಸಲ್ಲಿಸಬಹುದು.

ಬಿಒಐ ವರದಿ ಸಲ್ಲಿಸಿಕೊಡುತ್ತೇವೆ ಎಂದು ಯಾರಾದರೂ ಹಣ ಕೇಳಿದರೆ ತಡೆಯಿರಿ. ಕಂಪನಿಯ ನಿಜವಾದ ಮಾಲೀಕರು ಯಾರು ಎಂದು ತಿಳಿಸುವ ವರದಿ ಅದು. ಅಮೆರಿಕದಲ್ಲೇ ನೋಂದಣಿಯಾದ ಕಂಪನಿಗಳಿಗೆ 2025ರ ಮಾರ್ಚ್‌ನಲ್ಲಿ ಅದರಿಂದ ವಿನಾಯಿತಿ ಸಿಕ್ಕಿದೆ.

ಏಜೆಂಟ್ ಮಾಡದ ಕೆಲಸ

ಗೊಂದಲ ಜಾಸ್ತಿ ಇರುವುದು ಇಲ್ಲೇ. ಏಜೆಂಟ್ ನಿಮ್ಮ ವಕೀಲರೂ ಅಲ್ಲ, ಆಡಿಟರೂ ಅಲ್ಲ. ಡೆಲವೇರ್ ಕಾರ್ಪೊರೇಷನ್‌ನ (ಷೇರುದಾರರಿರುವ ಕಂಪನಿ) ಫ್ರಾಂಚೈಸ್ ತೆರಿಗೆಗೆ, ಅಂದರೆ ರಾಜ್ಯಕ್ಕೆ ವರ್ಷಕ್ಕೊಮ್ಮೆ ಕಟ್ಟುವ ತೆರಿಗೆಗೆ, ಮಾರ್ಚ್ 1, ಎಲ್‌ಎಲ್‌ಸಿಯ ತೆರಿಗೆಗೆ ಜೂನ್ 1 ಕೊನೇ ದಿನ. ತಪ್ಪಿದರೆ 200 ಡಾಲರ್ ದಂಡ, ತಿಂಗಳಿಗೆ ಶೇಕಡಾ 1.5 ಬಡ್ಡಿ. ಏಜೆಂಟ್ ನೆನಪು ಮಾಡಬಹುದು, ಕಟ್ಟಬೇಕಾದವರು ನೀವು. ಎಲ್‌ಎಲ್‌ಸಿಗೆ ವಿದೇಶದಲ್ಲಿರುವ ಒಬ್ಬರೇ ಮಾಲೀಕರಾಗಿದ್ದು, ಅವರ ಮತ್ತು ಕಂಪನಿಯ ನಡುವೆ ಹಣ ಓಡಾಡಿದ್ದರೆ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೆ 5472 ಎಂಬ ಫಾರ್ಮ್ ಕೊಡಬೇಕು. ಕೊಡದಿದ್ದರೆ ದಂಡ 25,000 ಡಾಲರ್. ಇದನ್ನು ನೋಡಿಕೊಳ್ಳಲು ಅಮೆರಿಕದ ತೆರಿಗೆ ಗೊತ್ತಿರುವ ಸಿಪಿಎ (ಅಲ್ಲಿನ ಸಿಎ ಇದ್ದ ಹಾಗೆ) ಬೇಕು. ಭಾರತದಿಂದ ಅಲ್ಲಿನ ಕಂಪನಿಗೆ ಬಂಡವಾಳ ಹಾಕುವುದಕ್ಕೆ ಫೆಮಾ (ವಿದೇಶಿ ವಿನಿಮಯ ಕಾಯ್ದೆ) ನಿಯಮಗಳಿವೆ, ಅದನ್ನು ನಿಮ್ಮ ಬ್ಯಾಂಕ್ ಮತ್ತು ಸಿಎ ಜೊತೆ ಮಾತಾಡಬೇಕು.

ಏಜೆಂಟ್ ವಿಳಾಸವನ್ನು ಕಂಪನಿಯ ಮಾಮೂಲಿ ವಿಳಾಸವೆಂದು ಎಲ್ಲ ಕಡೆ ಕೊಡುವುದೂ ತೊಂದರೆ. ಬ್ಯಾಂಕುಗಳು ಎಷ್ಟೋ ಸಲ ಒಪ್ಪುವುದಿಲ್ಲ. ಕೋರ್ಟ್ ಮತ್ತು ಸರ್ಕಾರದ ಕಾಗದ ಬಿಟ್ಟು ಬೇರೆ ಅಂಚೆಯನ್ನು ಕೆಲವು ಏಜೆಂಟರು ವಾಪಸ್ ಕಳಿಸುತ್ತಾರೆ. ಮಾಮೂಲಿ ಅಂಚೆಗೆ ವರ್ಚುವಲ್ ಮೇಲ್‌ಬಾಕ್ಸ್ ಸೇವೆ (ನಿಮ್ಮ ಅಂಚೆ ಪಡೆದು ಆನ್‌ಲೈನ್‌ನಲ್ಲಿ ತೋರಿಸುವವರು) ತೆಗೆದುಕೊಳ್ಳಬಹುದು. ಅದಕ್ಕೆ ಗುರುತಿನ ದಾಖಲೆ ಕೊಟ್ಟು ಅಲ್ಲಿನ ಅಂಚೆ ಇಲಾಖೆಯ 1583 ಫಾರ್ಮ್ ತುಂಬಬೇಕು.

ನೇಮಿಸಿದ ಮೇಲೆ

ಡೆಲವೇರ್‌ನಲ್ಲಿ ಕಂಪನಿಯ ಪರವಾಗಿ ಸಂಪರ್ಕಕ್ಕೆ ಸಿಗುವ ಒಬ್ಬ ವ್ಯಕ್ತಿಯ ಹೆಸರು, ವಿಳಾಸ, ಫೋನ್ ನಂಬರನ್ನು ಏಜೆಂಟ್‌ಗೆ ಕೊಟ್ಟಿರಬೇಕು. ಕಾನೂನೇ ಹಾಗಿದೆ. ಇಲ್ಲಿ ಒಂದೇ ಇಮೇಲ್ ಕೊಟ್ಟು ಸುಮ್ನೆ ಇರಬೇಡಿ. ಇಬ್ಬರು ಪಾಲುದಾರರ ಇಮೇಲ್ ಕೊಡಿ, ಜೊತೆಗೆ ಇಬ್ಬರೂ ತೆರೆಯಬಲ್ಲ ಕಂಪನಿಯ ಒಂದು ಇಮೇಲ್ ಕೊಡಿ. ಕೆಲಸಕ್ಕಿದ್ದ ಹುಡುಗನ ಸ್ವಂತ ಇಮೇಲ್ ಕೊಟ್ಟಿದ್ದರೆ, ಅವನು ಕೆಲಸ ಬಿಟ್ಟ ದಿನದಿಂದ ಸಮನ್ಸ್ ಯಾರೂ ನೋಡದ ಡಬ್ಬಕ್ಕೆ ಹೋಗುತ್ತದೆ. ಏಜೆಂಟ್‌ನ ಇಮೇಲ್ ಸ್ಪ್ಯಾಮ್‌ಗೆ ಬೀಳದಂತೆಯೂ ನೋಡಿಕೊಳ್ಳಿ.

ಕಂಪನಿಯ ವಿವರ ಸರ್ಕಾರದ ದಾಖಲೆಯಲ್ಲಿ ಬಂದ ಮೇಲೆ, ಸರ್ಕಾರದ್ದೇ ಎಂದು ಕಾಣುವ ಖಾಸಗಿ ಕಾಗದಗಳು ಬರತೊಡಗುತ್ತವೆ. ಪೋಸ್ಟರ್ ಕೊಳ್ಳಿ, ಸರ್ಟಿಫಿಕೇಟಿಗೆ ಹಣ ಕಳಿಸಿ ಎಂದಿರುತ್ತದೆ. ಹಣ ಕಟ್ಟುವ ಮೊದಲು ಏಜೆಂಟ್‌ಗೆ ತೋರಿಸಿ, ಇಲ್ಲವೇ ರಾಜ್ಯದ ಸೈಟಿನಲ್ಲಿ ಬಾಕಿ ಇದೆಯೇ ನೋಡಿ.

ಏಜೆಂಟ್ ಸರಿಯಿಲ್ಲ ಅನ್ನಿಸಿದರೆ ಬದಲಿಸುವುದು ಕಷ್ಟವಲ್ಲ, ಕ್ರಮ ಮಾತ್ರ ತಪ್ಪಬಾರದು. ಮೊದಲು ಹೊಸಬರನ್ನು ಗೊತ್ತುಮಾಡಿ. ಆಮೇಲೆ ರಾಜ್ಯಕ್ಕೆ ಬದಲಾವಣೆಯ ಅರ್ಜಿ ಮತ್ತು ಶುಲ್ಕ ಕೊಡಿ, ಇದನ್ನು ಹೊಸ ಏಜೆಂಟರೇ ಮಾಡಿಕೊಡುವುದುಂಟು. ರಾಜ್ಯದ ದಾಖಲೆಯಲ್ಲಿ ಹೊಸ ಹೆಸರು ಬಂದಿದೆ ಎಂದು ಕಣ್ಣಾರೆ ನೋಡಿದ ಮೇಲೆಯೇ ಹಳಬರಿಗೆ ಬೇಡ ಎಂದು ಬರೆಯಿರಿ. ಹಳಬರ ಹಣ ನಿಲ್ಲಿಸಿ ಸುಮ್ಮನಾದರೆ ಅವರು ರಾಜೀನಾಮೆ ಸಲ್ಲಿಸಬಹುದು. ಡೆಲವೇರ್‌ನಲ್ಲಿ ಹಾಗಾದ ಮೇಲೆ 30 ದಿನದೊಳಗೆ ಬೇರೆ ಏಜೆಂಟ್ ಹೆಸರು ಕೊಡದಿದ್ದರೆ ಕಂಪನಿಯ ನೋಂದಣಿಯೇ ಹೋಗುತ್ತದೆ. ಹೊಸಬರ ಹೆಸರಿರುವ ದಾಖಲೆಯ ಪ್ರತಿಯನ್ನು ಇಳಿಸಿಕೊಂಡು ಕಂಪನಿಯ ಫೈಲಿನಲ್ಲಿ ಇಡಿ. ಬ್ಯಾಂಕ್ ಅಥವಾ ಹೂಡಿಕೆದಾರರು ಕೇಳಿದಾಗ ಅದು ಬೇಕಾಗುತ್ತದೆ.