ಪುಟ ಮುಚ್ಚಿದರೂ ಓದುವ ಮಗು: ಕಲಿಕೆಯ ತೊಂದರೆಗೆ ಯಾರ ಬಳಿ, ಯಾವ ಕ್ರಮದಲ್ಲಿ ಹೋಗಬೇಕು?

ನಾಲ್ಕನೇ ತರಗತಿಯ ಹುಡುಗ. ಕನ್ನಡ ಪುಸ್ತಕ ತೆರೆದು, ಸಾಲಿನ ಮೇಲೆ ಬೆರಳಿಟ್ಟು ಗಡಗಡ ಓದಿದ. ಪಕ್ಕದಲ್ಲಿದ್ದ ತಾಯಿ, ‘ನೋಡಿ ಮೇಡಂ, ಓದೋಕೆ ಚೆನ್ನಾಗಿ ಬರುತ್ತೆ. ಬರೆಯೋಕೆ ಕೂತ್ರೆ ಮಾತ್ರ ಸೋಂಬೇರಿತನ’ ಅಂದರು. ನನಗೆ ಅನುಮಾನ ಬಂದದ್ದು ಅವನ ಬೆರಳು ನೋಡಿ. ಬಾಯಿ ಮೂರನೇ ಸಾಲಿನಲ್ಲಿತ್ತು, ಬೆರಳು ಐದನೇ ಸಾಲು ದಾಟಿತ್ತು. ಸುಮ್ಮನೆ ಪುಟದ ಮೇಲೆ ಅಂಗೈ ಇಟ್ಟೆ. ಓದು ನಿಲ್ಲಲಿಲ್ಲ. ಇನ್ನೂ ನಾಲ್ಕು ಸಾಲು ಹಾಗೇ ಹೇಳಿ, ಆಮೇಲೆ ನನ್ನ ಕೈ ಕಂಡು ತಲೆ ತಗ್ಗಿಸಿದ. ಅದೇ ಪಾಠದ ‘ಹಳ್ಳಿ’ ಎಂಬ ಪದವನ್ನು ಚೀಟಿಯಲ್ಲಿ ಬರೆದುಕೊಟ್ಟೆ. ‘ಹಳಿ’ ಎಂದ.

ತರಗತಿಯಲ್ಲಿ ಬೇರೆ ಮಕ್ಕಳು ಓದಿದ್ದನ್ನು ಕೇಳಿ ಕೇಳಿ ಪಾಠವನ್ನೇ ಬಾಯಿಪಾಠ ಮಾಡಿಕೊಂಡಿದ್ದ. ಅಷ್ಟು ನೆನಪಿನ ಶಕ್ತಿಯಿರುವ ಮಗು ದಡ್ಡ ಹೇಗಾದೀತು? ನನ್ನ ಬಳಿ ಬರುವ ಮೊದಲು ಆ ಕುಟುಂಬ ಎರಡು ವರ್ಷ ಅಲೆದಿತ್ತು. ಮೂರು ಕಡೆ ಟ್ಯೂಷನ್, ಬುದ್ಧಿ ಚುರುಕಾಗಲು ಟಾನಿಕ್, ಒಂದು ತಾಯತ. ಕೊನೆಗೆ ಒಂದು ‘ಬ್ರೈನ್ ಟ್ರೇನಿಂಗ್’ ಕೇಂದ್ರದಲ್ಲಿ ಆರು ತಿಂಗಳ ಶುಲ್ಕವನ್ನು ಮುಂಗಡ ಕಟ್ಟಿ ಬಂದಿದ್ದರು. ಮಗುವಿನ ಮೇಲೆ ಪ್ರೀತಿಗೆ ಕೊರತೆಯಿರಲಿಲ್ಲ. ಯಾರು ಏನು ಮಾಡುತ್ತಾರೆ, ಯಾರ ಬಳಿ ಮೊದಲು ಹೋಗಬೇಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ವಿಶೇಷ ಶಿಕ್ಷಕಿಯಾಗಿ 14 ವರ್ಷ ಕೆಲಸ ಮಾಡಿದ ಮೇಲೆ ನನಗೆ ಅನ್ನಿಸುವುದು, ಇಂಥ ಮಕ್ಕಳ ಎಷ್ಟೋ ಕಾಲ ಈ ಕ್ರಮ ಗೊತ್ತಿಲ್ಲದೆಯೇ ಹಾಳಾಗುತ್ತದೆ.

ಮೊದಲು ಎರಡು ವಾರ ಬರೆದಿಡಿ

ಯಾರ ಬಳಿಯೂ ಹೋಗುವ ಮೊದಲು ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ದಿನಕ್ಕೆ ನಾಲ್ಕೇ ಸಾಲು ಸಾಕು. ‘ಓದಲ್ಲ’, ‘ಒಂದು ಕಡೆ ಕೂರಲ್ಲ’ ಎಂದು ಬರೆಯಬೇಡಿ. ಕಂಡದ್ದನ್ನು ಬರೆಯಿರಿ: ‘ಅಮ್ಮ’ ಎನ್ನುವುದನ್ನು ‘ಅಮ’ ಎಂದು ಬರೆದ, ‘ಸೂರ್ಯ’ ಓದಲು ತಡವರಿಸಿದ, ಬೋರ್ಡಿನಿಂದ ಆರು ಸಾಲಲ್ಲಿ ಎರಡೇ ಸಾಲು ಇಳಿಸಿಕೊಂಡ, ಕ್ರಿಕೆಟ್ ಆಡುವಾಗಲೂ ತನ್ನ ಸರದಿಗೆ ಕಾಯಲಾಗಲಿಲ್ಲ. ಎಷ್ಟು ಹೊತ್ತಿಗೆ ಮಲಗಿದ, ಬೆಳಿಗ್ಗೆ ಏನು ತಿಂದ ಎನ್ನುವುದೂ ಇರಲಿ.

ಹಳೆಯ ನೋಟ್‌ಬುಕ್‌ಗಳನ್ನು ರದ್ದಿಗೆ ಹಾಕಬೇಡಿ. ಎರಡು ವರ್ಷದ ಬರಹವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಮಗೆ ತಿಳಿಯುವಷ್ಟು, ಅರ್ಧ ಗಂಟೆ ಮಾತಾಡಿದರೂ ತಿಳಿಯುವುದಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕನ್ನಡ ಲಿಪಿ ಕಲಿಯಲು ಎಲ್ಲ ಮಕ್ಕಳಿಗೂ ಸಮಯ ಹಿಡಿಯುತ್ತದೆ. ತ, ನ, ಮ, ಯ, ರ, ಲ ಒತ್ತುಗಳು ಮೂಲ ಅಕ್ಷರದ ಹಾಗೆ ಕಾಣುವುದೇ ಇಲ್ಲ. ಅರ್ಕಾವತ್ತನ್ನು ಬರೆಯುವುದು ಅಕ್ಷರದ ಆಮೇಲೆ, ಉಚ್ಚರಿಸುವುದು ಅದಕ್ಕೂ ಮೊದಲು. ಒಂದನೇ ತರಗತಿಯ ಮಗು ಒತ್ತಕ್ಷರ ಬಿಟ್ಟರೆ ಗಾಬರಿ ಬೇಡ. ಆದರೆ ಮೂರನೇ ತರಗತಿ ಮುಗಿಯುತ್ತಾ ಬಂದರೂ ಕಾಗುಣಿತವೇ ಕೂರದಿದ್ದರೆ, ಜೊತೆಯ ಮಕ್ಕಳು ಮುಂದೆ ಹೋಗಿ ನಿಮ್ಮ ಮಗು ಅಲ್ಲೇ ನಿಂತಿದ್ದರೆ, ‘ದೊಡ್ಡವನಾದ ಮೇಲೆ ಸರಿಹೋಗುತ್ತೆ’ ಎಂದು ಕಾಯುತ್ತಾ ಕೂರಬೇಡಿ.

ಮಕ್ಕಳ ವೈದ್ಯರು: ಕಣ್ಣು, ಕಿವಿ, ನಿದ್ದೆ

ಎರಡನೇ ಹೆಜ್ಜೆ ಮಕ್ಕಳ ವೈದ್ಯರದ್ದು. ಬೋರ್ಡು ಕಾಣದ ಮಗು ತಪ್ಪಾಗಿ ಬರೆಯುತ್ತದೆ. ಪದೇಪದೇ ಕಿವಿ ಸೋರುವ ಮಗುವಿಗೆ ‘ತ’, ‘ದ’ ಒಂದೇ ಥರ ಕೇಳಬಹುದು. ರಕ್ತಹೀನತೆ, ಥೈರಾಯ್ಡ್ ತೊಂದರೆ, ಗೊರಕೆಯಿಂದ ಕೆಡುವ ನಿದ್ದೆ, ಇವೆಲ್ಲ ಮಗುವಿನ ಗಮನವನ್ನು ತಿನ್ನುತ್ತವೆ. ಕೆಲವು ಸೆಕೆಂಡು ಕಣ್ಣು ನೆಟ್ಟು, ಕರೆದರೂ ಓಗೊಡದೆ ಕೂತು, ಮತ್ತೆ ಏನೂ ಆಗದವರಂತೆ ಮುಂದುವರಿಯುವ ಮಕ್ಕಳಿದ್ದಾರೆ. ಅದು ‘ಹಗಲುಗನಸು’ ಆಗಿರದೆ ಒಂದು ಬಗೆಯ ಮೂರ್ಛೆ ರೋಗವೂ ಆಗಿರಬಹುದು. ಅಂಥದ್ದನ್ನು ಕಂಡಿದ್ದರೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಹೋಗಿ.

ಖಾಸಗಿ ಆಸ್ಪತ್ರೆಯೇ ಆಗಬೇಕೆಂದಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ವೈದ್ಯರ ತಂಡ ಬರುತ್ತದೆ. 18 ವರ್ಷದವರೆಗಿನ ಮಕ್ಕಳನ್ನು ನೋಡುವ ಆ ತಂಡದ ಪಟ್ಟಿಯಲ್ಲಿ ಕಲಿಕೆಯ ತೊಂದರೆಯೂ ಇದೆ, ಎಡಿಎಚ್‌ಡಿಯೂ (ಗಮನ ನಿಲ್ಲದಿರುವ, ಅತಿ ಚಟುವಟಿಕೆಯ ತೊಂದರೆ) ಇದೆ. ಅವರು ಚೀಟಿ ಬರೆದುಕೊಟ್ಟರೆ ಜಿಲ್ಲಾ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಕ್ಕೆ (ಡಿಇಐಸಿ) ಹೋಗಬಹುದು. ತಂಡ ಶಾಲೆಗೆ ಬಂದ ದಿನ ನಿಮ್ಮ ಮಗುವನ್ನು ತೋರಿಸುವಂತೆ ಶಿಕ್ಷಕರಿಗೆ ಮೊದಲೇ ಹೇಳಿಡಿ. ತಾನಾಗಿ ಯಾರ ಕಣ್ಣಿಗೂ ಬೀಳದ, ಹಿಂದಿನ ಬೆಂಚಿನ ಮೌನಿ ಮಗುವಿಗೆ ಇದು ಇನ್ನೂ ಮುಖ್ಯ.

ಶಾಲೆಯಲ್ಲೇ ಇರುವ ನೆರವು

ಸರ್ಕಾರಿ ಶಾಲೆಯಾದರೆ ಮುಖ್ಯ ಶಿಕ್ಷಕರ ಬಳಿ ‘ಬಿಐಇಆರ್‌ಟಿ ಯಾರು?’ ಎಂದು ಕೇಳಿ. ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ತಾಲ್ಲೂಕಿನ ಬಿಆರ್‌ಸಿಯಲ್ಲಿ (ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರ) ಕೆಲಸ ಮಾಡುವ ಸಂಪನ್ಮೂಲ ಶಿಕ್ಷಕರು ಇವರು. ಎಷ್ಟೋ ಪಾಲಕರಿಗೆ ಈ ಹೆಸರೇ ಗೊತ್ತಿಲ್ಲ. ಖಾಸಗಿ ಶಾಲೆಯಾದರೆ ಕೌನ್ಸೆಲರ್ ಅಥವಾ ತರಗತಿ ಶಿಕ್ಷಕರು.

ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯ ಪ್ರಕಾರ ಮೂರನೇ ತರಗತಿಯಲ್ಲಿ ಅಥವಾ ಎಂಟು ವರ್ಷದ ಹೊತ್ತಿಗೆ ಮಕ್ಕಳ ಕಲಿಕೆಯ ತೊಂದರೆಯನ್ನು ಶಾಲೆಯೇ ಪ್ರಾಥಮಿಕವಾಗಿ ಪತ್ತೆ ಮಾಡಬೇಕು. ಹಾಗಾಗಿ ಕೇಳಲು ಸಂಕೋಚ ಬೇಡ. ಶಿಕ್ಷಕರಿಂದ ಒಂದು ಪುಟದ ಬರಹ ಪಡೆಯಿರಿ: ಮಗು ಬಾಯಲ್ಲಿ ಹೇಗೆ ಉತ್ತರಿಸುತ್ತದೆ, ಬರಹದಲ್ಲಿ ಹೇಗೆ, ಯಾವ ವಿಷಯದಲ್ಲಿ ಹಿಂದೆ. ಮುಂದಿನ ಪ್ರತಿ ಹೆಜ್ಜೆಯಲ್ಲೂ ಈ ಪುಟ ಬೇಕಾಗುತ್ತದೆ.

ಪರೀಕ್ಷಿಸುವವರು: ಕ್ಲಿನಿಕಲ್ ಸೈಕಾಲಜಿಸ್ಟ್

‘ಡಿಸ್‌ಲೆಕ್ಸಿಯಾ ಇರಬಹುದು’, ಅಂದರೆ ಓದು, ಬರಹಕ್ಕೆ ತೊಡಕಾಗುವ ಕಲಿಕಾ ನ್ಯೂನತೆ ಇರಬಹುದು ಎಂದು ಯಾರು ಬೇಕಾದರೂ ಹೇಳಬಹುದು. ಪರೀಕ್ಷೆ ಮಾಡಿ ‘ಇದೆ’ ಎನ್ನಬೇಕಾದವರು ಕ್ಲಿನಿಕಲ್ ಸೈಕಾಲಜಿಸ್ಟ್. ಇವರು ಔಷಧಿ ಬರೆಯುವುದಿಲ್ಲ. ಒಂದೆರಡು ವಾರಾಂತ್ಯದ ಕೋರ್ಸ್ ಮಾಡಿ ‘ಮಕ್ಕಳ ಆಪ್ತಸಮಾಲೋಚಕ’ ಎಂದು ಬೋರ್ಡ್ ಹಾಕಿಕೊಂಡವರು ಇವರಲ್ಲ. ಗುರುತಿಸುವುದು ಸುಲಭ. ಭಾರತೀಯ ಪುನರ್ವಸತಿ ಮಂಡಳಿಯ (ಆರ್‌ಸಿಐ) ನೋಂದಣಿ ಸಂಖ್ಯೆ ಕೇಳಿ. 1992ರ ಕಾಯ್ದೆಯಡಿ ಬಂದ ಈ ಮಂಡಳಿಯ ಪಟ್ಟಿಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್, ವಿಶೇಷ ಶಿಕ್ಷಕರು, ವಾಕ್ ಮತ್ತು ಶ್ರವಣ ತಜ್ಞರು ಎಲ್ಲರೂ ಇರುತ್ತಾರೆ. ಸಂಖ್ಯೆ ಕೇಳಿದರೆ ಸಿಟ್ಟಾಗುವವರ ಬಳಿ ಮಗುವನ್ನು ಬಿಡಬೇಡಿ. ನನ್ನನ್ನು ಕೇಳಿದವರಿಗೆ ನಾನು ಸಂತೋಷದಿಂದಲೇ ಕಾರ್ಡು ತೋರಿಸುತ್ತೇನೆ.

ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಎರಡು ಭಾಗ. ಒಂದು ಬುದ್ಧಿಮಟ್ಟದ್ದು. ಇಲ್ಲಿ ಬಳಕೆಯಲ್ಲಿರುವ ಬಿನೆ-ಕಾಮತ್ ಪರೀಕ್ಷೆಯ ಬೇರು ನಮ್ಮ ನೆಲದಲ್ಲೇ ಇದೆ. ವಿ.ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆಂದೇ ಬಿನೆ ಪರೀಕ್ಷೆಯನ್ನು ಪರಿಷ್ಕರಿಸಿ 1934ರಲ್ಲಿ ಪ್ರಕಟಿಸಿದರು. ಇನ್ನೊಂದು ಭಾಗ ಕಲಿಕೆಯದ್ದು. ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಮಾಲೆಯಲ್ಲಿ 5ರಿಂದ 7 ವರ್ಷದವರಿಗೆ ಒಂದು ಹಂತ, 8ರಿಂದ 12ರವರಿಗೆ ಇನ್ನೊಂದು. ಗಮನ, ಓದು, ಕಾಗುಣಿತ, ಬರಹ, ಲೆಕ್ಕ, ನೆನಪು ಎಲ್ಲವನ್ನೂ ಬಿಡಿಬಿಡಿಯಾಗಿ ನೋಡುತ್ತಾರೆ. ಒಂದೇ ಸಲ ಕೂತು ಮುಗಿಯುವ ಕೆಲಸವಲ್ಲ. ದಣಿದ ಮಗುವನ್ನು ಪರೀಕ್ಷಿಸಿದರೆ ಫಲಿತಾಂಶವೇ ತಪ್ಪುತ್ತದೆ. ಬೆಳಗಿನ ಹೊತ್ತು ಕೇಳಿ ಪಡೆಯಿರಿ. ಮಗು ಯಾವ ಭಾಷೆಯಲ್ಲಿ ಓದುತ್ತಿದೆ, ಮನೆಯಲ್ಲಿ ಯಾವ ಭಾಷೆ ಎಂಬುದನ್ನು ಮೊದಲೇ ತಿಳಿಸಿ. ಮನೆಯಲ್ಲಿ ತುಳುವೋ ಲಂಬಾಣಿಯೋ ಆಡುವ ಮಗುವನ್ನು ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿ ಬರೆದ ವರದಿಯನ್ನು ನಾನು ನಂಬುವುದಿಲ್ಲ.

ಪರೀಕ್ಷೆಗೆ ಹೋಗುವ ದಾರಿಯಲ್ಲಿ ಮಗು ‘ಯಾಕೆ ಹೋಗ್ತಿದ್ದೀವಿ?’ ಎನ್ನುತ್ತದೆ. ‘ಡಾಕ್ಟರು ಚಾಕಲೇಟ್ ಕೊಡ್ತಾರೆ’ ಎಂಬ ಸುಳ್ಳು ಬೇಡ. ‘ನಿನಗೆ ಓದೋದು ಯಾಕೆ ಕಷ್ಟ ಆಗ್ತಿದೆ ಅಂತ ತಿಳ್ಕೊಳ್ಳೋಣ. ಅಲ್ಲಿ ಪಾಸು, ಫೇಲು ಏನೂ ಇಲ್ಲ ಪುಟ್ಟ’ ಎಂದರೆ ಸಾಕು. ಮೇಲೆ ಹೇಳಿದ ಹುಡುಗ ಇದನ್ನು ಕೇಳಿ ತಾಯಿಯನ್ನು ಮತ್ತೆ ಕೇಳಿದ್ದು ಒಂದೇ ಪ್ರಶ್ನೆ: ‘ಹಾಗಾದ್ರೆ ನಾನು ದಡ್ಡ ಅಲ್ವಾ?’ ಒಂಬತ್ತು ವರ್ಷದ ಮಗು ಆ ಪ್ರಶ್ನೆಯನ್ನು ಎಷ್ಟು ದಿನದಿಂದ ಹೊತ್ತು ತಿರುಗುತ್ತಿತ್ತೋ.

ವರದಿ ಕೈಗೆ ಬಂದಾಗ ಕೊನೆಯ ಪುಟ ನೋಡಿ. ‘ಕಲಿಕಾ ನ್ಯೂನತೆ ಇದೆ’ ಎಂಬ ಒಂದು ಸಾಲಿಗೆ ಮುಗಿದಿದ್ದರೆ ವಾಪಸ್ ಕೊಟ್ಟು, ಮನೆಯಲ್ಲಿ ಏನು, ಶಾಲೆಯಲ್ಲಿ ಏನು ಮಾಡಬೇಕು ಎಂದು ಬರೆಸಿಕೊಳ್ಳಿ.

ಗಮನದ ತೊಂದರೆಗೆ ಮಕ್ಕಳ ಮನೋವೈದ್ಯರು

ಅತಿ ಚಟುವಟಿಕೆ, ಗಮನ ನಿಲ್ಲದಿರುವುದು ಮುಖ್ಯ ತೊಂದರೆಯಾಗಿದ್ದರೆ ಮನೋವೈದ್ಯರನ್ನು ಕಾಣಬೇಕು. ತುಂಟತನವೆಲ್ಲ ಎಡಿಎಚ್‌ಡಿ ಅಲ್ಲ. ಲಕ್ಷಣಗಳು ಆರು ತಿಂಗಳಾದರೂ ಇರಬೇಕು, 12 ವರ್ಷದೊಳಗೆ ಶುರುವಾಗಿರಬೇಕು, ಮನೆ, ಶಾಲೆ ಹೀಗೆ ಕನಿಷ್ಠ ಎರಡು ಕಡೆ ಕಾಣಬೇಕು. ಗಣಿತದ ಪಿರಿಯಡ್‌ನಲ್ಲಿ ಮಾತ್ರ ಚಡಪಡಿಸುವ ಮಗುವಿಗೆ ಬಹುಶಃ ಗಣಿತವೇ ಕಷ್ಟ. ಎಡಿಎಚ್‌ಡಿ, ಕಲಿಕಾ ನ್ಯೂನತೆ ಎರಡೂ ಒಟ್ಟಿಗೆ ಇರುವ ಮಕ್ಕಳೂ ಬಹಳ.

ಔಷಧಿಯ ಬಗ್ಗೆ ಪಾಲಕರಿಗೆ ಭಯ ಇರುವುದು ಸಹಜ. ಕಲಿಕಾ ನ್ಯೂನತೆಗೆ ಮಾತ್ರೆಯೇ ಇಲ್ಲ. ಇದೆ ಎಂದು ಯಾರಾದರೂ ಮಾರಿದರೆ ಎದ್ದು ಬನ್ನಿ. ಎಡಿಎಚ್‌ಡಿಗೆ ಇದೆ. ಮೀಥೈಲ್‌ಫೆನಿಡೇಟ್, ಅಟೊಮೊಕ್ಸೆಟಿನ್ ವೈದ್ಯರು ಬರೆಯುವ ಔಷಧಿಗಳು. ಹಸಿವು ತಗ್ಗಬಹುದು, ನಿದ್ದೆ ತಡವಾಗಬಹುದು. ಅದಕ್ಕೇ ಎತ್ತರ, ತೂಕ ನೋಡುತ್ತಿರುತ್ತಾರೆ. ಆರು ವರ್ಷದೊಳಗಿನವರಿಗೆ ಮೊದಲು ಸಲಹೆ ಮಾಡುವುದು ಪಾಲಕರ ತರಬೇತಿಯನ್ನು. ಮಾತ್ರೆ ಮಗುವನ್ನು ಕೂರಿಸಬಹುದು, ಒತ್ತಕ್ಷರ ಕಲಿಸುವುದಿಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವೇ ಇದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಎಲ್ಲಿಗೆ ಹೋಗುವುದೆಂದೇ ತೋಚದಿದ್ದರೆ 14416ಕ್ಕೆ ಕರೆ ಮಾಡಿ. ಅದು 2022ರಲ್ಲಿ ಶುರುವಾದ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಸ್ಪೀಚ್ ಥೆರಪಿ, ಆಕ್ಯುಪೇಷನಲ್ ಥೆರಪಿ ಯಾರಿಗೆ?

ಎಲ್ಲರಿಗೂ ಅಲ್ಲ. ಮಾತು ತಡವಾಗಿ ಬಂದಿದ್ದರೆ, ಕಥೆಯನ್ನು ಕ್ರಮವಾಗಿ ಹೇಳಲಾಗದಿದ್ದರೆ, ಪದದೊಳಗಿನ ಸದ್ದುಗಳನ್ನು ಬಿಡಿಸಲಾಗದಿದ್ದರೆ ಸ್ಪೀಚ್ ಥೆರಪಿಸ್ಟ್. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದ ಈ ಕೆಲಸದಲ್ಲಿದೆ. ಪೆನ್ಸಿಲ್ ಹಿಡಿತ ಸಡಿಲ, ಗುಂಡಿ ಹಾಕಿಕೊಳ್ಳಲು ಬಾರದು, ನಾಲ್ಕು ಸಾಲಿಗೆ ಕೈ ಸೋಲುತ್ತದೆ ಎಂದರೆ ಆಕ್ಯುಪೇಷನಲ್ ಥೆರಪಿಸ್ಟ್. ಪ್ಯಾಕೇಜ್ ಎಂದು ಎಲ್ಲವನ್ನೂ ಒಟ್ಟಿಗೆ ಕಟ್ಟಿಸಿಕೊಂಡರೆ, ಯಾವುದಕ್ಕೆ ಏನು ಕಾರಣ ಎಂದು ಒಂದೊಂದಾಗಿ ಕೇಳಿ.

ಕಲಿಸುವವರು: ವಿಶೇಷ ಶಿಕ್ಷಕರು

ಇಲ್ಲಿಯವರೆಗಿನದೆಲ್ಲ ತಯಾರಿ. ಮಗು ನಿಜವಾಗಿ ಬದಲಾಗುವುದು ಇಲ್ಲಿ. ಇದು ಟ್ಯೂಷನ್ ಅಲ್ಲ. ಟ್ಯೂಷನ್‌ನಲ್ಲಿ ನಾಳಿನ ಹೋಂವರ್ಕ್ ಮುಗಿಸುತ್ತಾರೆ. ನಾವು ನಾಲ್ಕನೇ ತರಗತಿಯ ಮಗುವನ್ನು ಕೂರಿಸಿಕೊಂಡು ಒಂದನೇ ತರಗತಿಯಲ್ಲಿ ಬಿಟ್ಟುಹೋದ ಜಾಗಕ್ಕೆ ವಾಪಸ್ ಹೋಗುತ್ತೇವೆ.

‘ಹಳ್ಳಿ’ಯನ್ನೇ ತೆಗೆದುಕೊಳ್ಳಿ. ಮೊದಲು ಪುಸ್ತಕ ಮುಚ್ಚಿ ಬರೀ ಕಿವಿಯ ಕೆಲಸ. ‘ಹಳಿ’ ಎಂದು ಒಮ್ಮೆ, ‘ಹಳ್ಳಿ’ ಎಂದು ಒಮ್ಮೆ ಹೇಳಿ, ನಾಲಿಗೆ ಎಲ್ಲಿ ಒಂದು ಕ್ಷಣ ತಡೆದು ನಿಂತಿತು ಎಂದು ಕೇಳುತ್ತೇನೆ. ನಿಂತ ಕಡೆ ಮೇಜಿನ ಮೇಲೆ ಒಂದು ಹುಣಸೆಬೀಜ ಇಡಬೇಕು. ‘ಬಳೆ’ಗೆ ಬೀಜ ಇಲ್ಲ, ‘ಬಳ್ಳಿ’ಗೆ ಇದೆ. ಕಿವಿ ಪಳಗಿದ ಮೇಲೆ ರವೆ ಹರಡಿದ ತಟ್ಟೆಯಲ್ಲಿ ಬೆರಳಿನಿಂದ ಬರೆಯುವುದು, ಒತ್ತು ಬಂದಲ್ಲಿ ಗಟ್ಟಿಯಾಗಿ ಹೇಳುವುದು. ಆಮೇಲೆ ಚೀಟಿ, ಒತ್ತು ಮಾತ್ರ ಕೆಂಪು ಶಾಯಿಯಲ್ಲಿ. ಸಜಾತೀಯ ಒತ್ತಕ್ಷರ ಗಟ್ಟಿಯಾದ ಮೇಲಷ್ಟೇ ವಿಜಾತೀಯ. ಆ ಹುಡುಗನಿಗೆ ಸಜಾತೀಯ ಮುಗಿಸಲು ನಾಲ್ಕು ತಿಂಗಳು ಹಿಡಿಯಿತು. ವಾರಕ್ಕೆ ಮೂರು ದಿನ, 45 ನಿಮಿಷ. ಮನೆಯಲ್ಲಿ ತಾಯಿ ದಿನಕ್ಕೆ 15 ನಿಮಿಷ, ಅದಕ್ಕಿಂತ ಹೆಚ್ಚಿಗೆ ಬೇಡವೆಂದು ನಾನೇ ತಡೆದಿದ್ದೆ.

ವಿಶೇಷ ಶಿಕ್ಷಕರನ್ನು ಆರಿಸುವಾಗ ಮೂರು ತಿಂಗಳ ಗುರಿಯನ್ನು ಬರೆದುಕೊಡಿ ಎನ್ನಿ. ‘ಓದು ಸುಧಾರಿಸುತ್ತದೆ’ ಎಂಬುದು ಗುರಿಯಲ್ಲ. ‘ಒತ್ತಕ್ಷರವಿರುವ 20 ಹೊಸ ಪದಗಳಲ್ಲಿ 16ನ್ನು ತಪ್ಪಿಲ್ಲದೆ ಓದುತ್ತಾನೆ’ ಎಂಬುದು ಗುರಿ. ಆಗದಿದ್ದರೆ ವಿಧಾನ ಬದಲಿಸಬೇಕಾದವರು ನಾವು, ಮಗುವಲ್ಲ. ತಿಂಗಳಿಗೊಮ್ಮೆ ತರಗತಿ ಶಿಕ್ಷಕರ ಜೊತೆ ಮಾತಾಡಲು ಒಪ್ಪದ ವಿಶೇಷ ಶಿಕ್ಷಕರು ಬೇಡ. ಒಂದು ಗಂಟೆ ನಾವು ಕೊಟ್ಟ ಧೈರ್ಯವನ್ನು ತರಗತಿಯಲ್ಲಿ ಎಲ್ಲರ ಮುಂದೆ ನಿಲ್ಲಿಸಿ ಓದಿಸಿದ ಎರಡು ನಿಮಿಷ ಕಳೆದುಬಿಡಬಲ್ಲದು.

ಪ್ರಮಾಣಪತ್ರ

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಎಡಿಎಚ್‌ಡಿ ಹೆಸರು ಆ ಪಟ್ಟಿಯಲ್ಲಿಲ್ಲ. 2018ರ ಮಾರ್ಗಸೂಚಿಯಂತೆ ಎಂಟು ವರ್ಷ ತುಂಬಿದ ಮೇಲೆ ಪ್ರಮಾಣಪತ್ರ, 14 ಮತ್ತು 18ನೇ ವಯಸ್ಸಿನಲ್ಲಿ ಮರುಪರೀಕ್ಷೆ. ಯುಡಿಐಡಿ ಕಾರ್ಡಿಗೆ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಆನ್‌ಲೈನಿನಲ್ಲಿ ಅರ್ಜಿ ಹಾಕಿ, ಸೂಚಿಸಿದ ಸರ್ಕಾರಿ ಆಸ್ಪತ್ರೆಗೆ ಮಗುವಿನೊಂದಿಗೆ ಹೋಗಬೇಕು. ಹಳ್ಳಿಯಲ್ಲಿರುವವರಿಗೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅರ್ಜಿ ತುಂಬಲು ನೆರವಾಗುತ್ತಾರೆ. ‘ಅಂಗವಿಕಲ ಅಂತ ಬರೆಸೋದಾ?’ ಎಂದು ಅಜ್ಜ-ಅಜ್ಜಿ ಬೇಸರ ಮಾಡಿಕೊಳ್ಳುತ್ತಾರೆ. ಅವರನ್ನೂ ಒಮ್ಮೆ ನಮ್ಮ ಬಳಿ ಕರೆತನ್ನಿ, ನಾವೇ ವಿವರಿಸುತ್ತೇವೆ.

ಪ್ರಮಾಣಪತ್ರದಿಂದ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಉತ್ತರ ಬರೆದುಕೊಡುವ ಸಹಾಯಕರು ಸಿಗುತ್ತಾರೆ. ಕೇಂದ್ರದ ಮಾರ್ಗಸೂಚಿಯಂತೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು, ಅಂದರೆ ಮೂರು ಗಂಟೆಯ ಪರೀಕ್ಷೆಗೆ ನಾಲ್ಕು ಗಂಟೆ. ಎಸ್ಸೆಸ್ಸೆಲ್ಸಿಗೆ ಈ ಸೌಲಭ್ಯಗಳ ಅರ್ಜಿ ಶಾಲೆಯ ಮೂಲಕ ಪರೀಕ್ಷಾ ಮಂಡಳಿಗೆ ಹೋಗಬೇಕು. ಫೆಬ್ರುವರಿಯಲ್ಲಿ ಓಡಾಡಿದರೆ ಪ್ರಯೋಜನವಿಲ್ಲ. ಹತ್ತನೇ ತರಗತಿಯ ಜೂನ್ ತಿಂಗಳಲ್ಲೇ ಪ್ರಮಾಣಪತ್ರದ ಪ್ರತಿ ಕೊಟ್ಟು, ಸ್ವೀಕೃತಿಗೆ ಸಹಿ ಹಾಕಿಸಿಕೊಂಡು ಬನ್ನಿ. ಸಹಾಯಕರ ನೆರವು ಪಡೆಯುವುದಾದರೆ ಅವರೊಂದಿಗೆ ಕೂತು ಉತ್ತರ ಹೇಳಿ ಬರೆಸುವ ಅಭ್ಯಾಸವನ್ನು ಒಂಬತ್ತನೇ ತರಗತಿಯ ಕಿರುಪರೀಕ್ಷೆಗಳಿಂದಲೇ ಶುರು ಮಾಡಿಸಿ. ಬಾಯಲ್ಲಿ ಉತ್ತರ ಕಟ್ಟುವುದೂ ಕಲಿಯಬೇಕಾದ ಕೆಲಸವೇ.