ಪಾರ್ಕಿಂಗ್ ಜಾಗದಲ್ಲಿ ಅಡಿಕೆ ದಬ್ಬೆಯ ಚಪ್ಪರ: ನನ್ನ ಅನುಭವ

ಮಲೆನಾಡಿನ ಅಡಿಕೆ ಬೆಳೆಗಾರರ ಅಂಗಳದಲ್ಲಿ ಮಳೆಗಾಲ ಮುಗಿದ ಮೇಲೆ ಏಳುವ ಚಪ್ಪರವು, ಕೊಯ್ಲಿನ ಅಡಿಕೆಯನ್ನು ಮೇಲೆ ಒಣಗಿಸಿ, ಕೆಳಗೆ ಮನೆಮಂದಿಗೆ ನೆರಳು ಕೊಟ್ಟು, ಮುಂದಿನ ಮಳೆ ಹಿಡಿಯುವ ಮೊದಲು ಕಳಚಿಕೊಳ್ಳುತ್ತದೆ. ಶಿವಮೊಗ್ಗದಲ್ಲಿ ವಾಸ್ತುಶಿಲ್ಪಿಯಾಗಿ ಕೆಲಸ ಮಾಡುವ ನನಗೆ ತಾತ್ಕಾಲಿಕ ಕಟ್ಟಡದ ಬಗ್ಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆಲ್ಲೂ ಸಿಕ್ಕಿಲ್ಲ. ದುರ್ಗಿಗುಡಿಯ ಅಡ್ಡರಸ್ತೆಯೊಂದರಲ್ಲಿ ಎರಡು ಕಾರು ನಿಲ್ಲುವಷ್ಟು ಜಾಗವನ್ನು ವಾರಾಂತ್ಯದ ಮಟ್ಟಿಗೆ ಜನ ಕೂರುವ, ಮಕ್ಕಳು ಆಡುವ ತಾಣವಾಗಿಸಲು ಗೆಳೆಯರೊಂದಿಗೆ ಹೊರಟಾಗ ಈ ಚಪ್ಪರವನ್ನೇ ಮಾದರಿಯಾಗಿಟ್ಟುಕೊಂಡೆ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2005ರಲ್ಲಿ ರೀಬಾರ್ ಎಂಬ ವಿನ್ಯಾಸಕಾರರ ಬಳಗವು ಪಾರ್ಕಿಂಗ್ ಮೀಟರಿಗೆ ಹಣ ಹಾಕಿ, ಒಂದು ಕಾರಿನ ಜಾಗದಲ್ಲಿ ಹುಲ್ಲು ಹಾಸಿ, ಬೆಂಚು ಮತ್ತು ಗಿಡವನ್ನಿಟ್ಟು ಎರಡು ಗಂಟೆ ಉದ್ಯಾನ ನಡೆಸಿತ್ತು. ನಮ್ಮ ಅಡ್ಡರಸ್ತೆಯಲ್ಲಿ ಮೀಟರ್ ಇಲ್ಲದ್ದರಿಂದ ದಾರಿ ಬೇರೆಯಾಗಿತ್ತು. ಪಾಲಿಕೆಗೂ ಸಂಚಾರ ಪೊಲೀಸರಿಗೂ ಅರ್ಜಿ ಕೊಟ್ಟು, ಅಗ್ನಿಶಾಮಕ ವಾಹನ ಹೋಗುವಷ್ಟು ಜಾಗ ಬಿಟ್ಟಿರುವುದನ್ನು ನಕ್ಷೆಯಲ್ಲಿ ತೋರಿಸಿದೆವು. ಅಂಗಡಿಯವರನ್ನು ಒಪ್ಪಿಸುವುದು ಅದಕ್ಕಿಂತ ಹೆಚ್ಚಿನ ಕೆಲಸವಾಗಿತ್ತು. "ಗಿರಾಕಿಗಳು ಬೈಕ್ ಎಲ್ಲಿ ನಿಲ್ಲಿಸ್ಬೇಕು ಸಾರ್?" ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ಭಾನುವಾರ ಸಂಜೆ ಬಿಚ್ಚುತ್ತೇವೆಂದು ಬರೆದುಕೊಟ್ಟ ಮೇಲೆಯೇ ಅವರು ಒಪ್ಪಿದರು. ಇಂಥ ಕೆಲಸಕ್ಕೆ ಕೈಹಾಕುವವರು ಕಟ್ಟುವ ದಿನಕ್ಕಿಂತ ಮೊದಲು ಬಿಚ್ಚುವ ದಿನವನ್ನು ನಿಗದಿ ಮಾಡಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಡಾಂಬರು ರಸ್ತೆಯಲ್ಲಿ ಗುಳಿ ತೋಡುವಂತಿರಲಿಲ್ಲ. ತೀರ್ಥಹಳ್ಳಿ ಕಡೆಯಿಂದ ಬಂದ ಚಪ್ಪರ ಕಟ್ಟುವ ಹಿರಿಯರು ನಕ್ಷೆ ನೋಡಿ, "ಗುಳಿ ಇಲ್ದೆ ಕಂಬ ನಿಲ್ಲಲ್ಲ ಮಾರಾಯ್ರೆ" ಎಂದರು. ಪರಿಹಾರವನ್ನೂ ಅವರೇ ಕಂಡುಕೊಂಡರು: ಅಡಿಕೆ ಮರದ ಕಂಬಗಳ ಬುಡವನ್ನು ಮರಳು ತುಂಬಿದ ಎಣ್ಣೆ ಡಬ್ಬಗಳಲ್ಲಿ ನಿಲ್ಲಿಸಿ, ಮೂಲೆಗಳಿಗೆ ಓರೆ ದಬ್ಬೆ (ಅಡಿಕೆ ಮರದ ಸೀಳು) ಕೊಟ್ಟು, ಕೂರುವ ಎತ್ತರದಲ್ಲಿ ಅಡ್ಡಮರಗಳಿಂದ ಕಂಬಗಳನ್ನು ಒಂದಕ್ಕೊಂದು ಬಿಗಿದರು. ಆ ಅಡ್ಡಮರಗಳ ಮೇಲೆ ದಬ್ಬೆ ಹಾಸಿದಾಗ, ಚಪ್ಪರವನ್ನು ಅಲುಗದಂತೆ ಹಿಡಿದ ಭಾಗವೇ ಬೆಂಚೂ ಆಯಿತು. ನನ್ನ ನಕ್ಷೆಯಲ್ಲಿ ಇವೆರಡೂ ಬೇರೆ ಬೇರೆಯಾಗಿದ್ದವು. ಎಲ್ಲ ಕಟ್ಟುಗಳೂ ತೆಂಗಿನ ನಾರಿನ ಹಗ್ಗದವು. ಎಲ್ಲಿಯೂ ಮೊಳೆ ಹೊಡೆಯಲಿಲ್ಲ. ನೆರಳಿಗೆ ಮೇಲೆ ಹೊದಿಸಿದ ಒಣ ಸೋಗೆ (ಅಡಿಕೆ ಗರಿ) ಬೇಗ ಬೆಂಕಿ ಹಿಡಿಯುವುದರಿಂದ ವಿದ್ಯುತ್ ದೀಪ ಹಾಕದೆ, ನೀರು ತುಂಬಿದ ಡ್ರಮ್ಮುಗಳನ್ನು ಪಕ್ಕದಲ್ಲಿಟ್ಟೆವು.

ನೆರಳಿನಡಿ ಸೀಮೆಸುಣ್ಣದಿಂದ ಚೌಕಾಬಾರದ ಮನೆ, ಕುಂಟಾಬಿಲ್ಲೆಯ ಅಂಕಣ ಬರೆದು, ಒಂದು ಚನ್ನೆಮಣೆಯನ್ನೂ ಹುಣಸೆಬೀಜವನ್ನೂ ಇಟ್ಟೆವು. ಡಚ್ ವಾಸ್ತುಶಿಲ್ಪಿ ಆಲ್ಡೊ ವಾನ್ ಐಕ್ 1947ರಿಂದ ಆಮ್‌ಸ್ಟರ್‌ಡ್ಯಾಮಿನಲ್ಲಿ ನೂರಾರು ಆಟದ ತಾಣಗಳನ್ನು, ಅನೇಕವನ್ನು ಖಾಲಿ ನಿವೇಶನಗಳಲ್ಲಿ, ಮಾಡಿದಾಗ ಮರಳುಗುಂಡಿ, ಕಮಾನಿನಂಥ ಸರಳ ರೂಪಗಳನ್ನಷ್ಟೇ ಇಟ್ಟು ಆಟವನ್ನು ಮಕ್ಕಳಿಗೇ ಬಿಟ್ಟಿದ್ದರು. ನಾವೂ ಯಾವ ಸೂಚನಾ ಫಲಕವನ್ನೂ ಹಾಕಲಿಲ್ಲ.

ಶನಿವಾರ ಬೆಳಿಗ್ಗೆ ದಾರಿಹೋಕರು "ಯಾರ ಮನೆ ಮದುವೆ?" ಎಂದು ಕೇಳಿದರು. ಚಪ್ಪರ ಕಂಡರೆ ಒಳಗೆ ಬರಬಹುದೆಂಬ ಸಲುಗೆ ನಮ್ಮ ಜನರಲ್ಲಿ ಮೊದಲೇ ಇದೆ, ಅದು ನಮ್ಮ ನೆರವಿಗೆ ಬಂತು. ಮೂಟೆ ಇಳಿಸಿದ ಹಮಾಲರು ಮೊದಲು ಕೂತರು, ಆಮೇಲೆ ಶಾಲೆಯ ಮಕ್ಕಳು ಬಂದರು. ಹೆಂಗಸರು ಮಾತ್ರ ಸಾಮಾನಿನ ಚೀಲ ಹಿಡಿದು ಅಂಗಡಿ ಗೋಡೆಯ ಪಕ್ಕದಲ್ಲೇ ನಿಂತಿದ್ದರು. ಕಾರಣ ವಿಚಾರಿಸಿದಾಗ, ಬೆನ್ನ ಹಿಂದೆ ವಾಹನ ಓಡಾಡುವಲ್ಲಿ ನೆಮ್ಮದಿಯಾಗಿ ಕೂರುವುದು ಹೇಗೆಂದು ಒಬ್ಬ ಹಿರಿಯಮ್ಮ ಕೇಳಿದರು. ಆ ರಾತ್ರಿ ರಸ್ತೆ ಬದಿಯ ದಬ್ಬೆಗಳನ್ನು ಬಿಚ್ಚಿ ಗೋಡೆಯ ಬದಿಗೆ ಕಟ್ಟಿದೆವು. ಭಾನುವಾರ ಆ ಬೆಂಚು ಸಂಜೆಯವರೆಗೂ ಖಾಲಿಯಾಗಲಿಲ್ಲ; ಚನ್ನೆಮಣೆಯೂ ಅಲ್ಲಿಗೇ ಹೋಯಿತು. ಸಿಮೆಂಟಿನ ಬೆಂಚಾಗಿದ್ದರೆ ಆ ಹಿರಿಯಮ್ಮನ ಮಾತಿಗೆ ಇಷ್ಟು ಬೇಗ ಬೆಲೆ ಸಿಗುತ್ತಿರಲಿಲ್ಲ.

ಹೇಳಿದ ಹೊತ್ತಿಗೆ ಬಿಚ್ಚಿದೆವು. ದಬ್ಬೆ ಮತ್ತು ಕಂಬಗಳು ತಂದ ತೋಟಕ್ಕೇ ಮರಳಿದವು, ಸೋಗೆ ಅಲ್ಲಿನ ಗೊಬ್ಬರದ ಗುಂಡಿ ಸೇರಿತು. ಯಾರು ಎಲ್ಲಿ, ಯಾವ ಹೊತ್ತಿನಲ್ಲಿ ಕೂತರೆಂದು ಗುರುತಿಸಿದ ನಕ್ಷೆಯನ್ನು ಪಾಲಿಕೆಗೆ ಕೊಟ್ಟು, ಗೋಡೆಯ ಬದಿಗೆ ಒಂದು ಉದ್ದನೆಯ ಕಲ್ಲುಬೆಂಚು ಹಾಕಿಸಿ, ಉಳಿದ ಜಾಗವನ್ನು ವಾರಾಂತ್ಯಗಳಲ್ಲಿ ವಾಹನಗಳಿಲ್ಲದಂತೆ ಇಡಬೇಕೆಂದು ಕೋರಿದ್ದೇವೆ.